ಜಾಮೀನುದಾರರನ್ನು ಹುಡುಕಿಕೊಂಡು ಹೋಗಿ ಮಾಡಿದ ತಪ್ಪು

ನಾನು ಕಲಬುರಗಿಯಲ್ಲಿ ಉಚಿತ ಕಾನೂನು ನೆರವಿನ ಪ್ಯಾನಲ್ ವಕೀಲೆ. ತೊಗರಿ ರಾಶಿಯ ಹೊತ್ತಿನಲ್ಲಿ ಮಾಡಿಕೊಂಡ ಎಡವಟ್ಟೊಂದನ್ನು ಇಲ್ಲಿ ಬರೀತಿದ್ದೀನಿ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಕಕ್ಷಿದಾರಳಿಗೆ ಐವತ್ತು ದಾಟಿತ್ತು. ಬಸ್ಸಿನಲ್ಲಿ ಸರ ಕದ್ದ ಕೇಸು. ಆಕೆಯ ತಾಯಿಗೂ ಇದೇ ಕಸುಬು, ಅಣ್ಣನೂ ಜೈಲು ಕಂಡವನೇ. (ಯಾವ ಜಾತಿ ಅಂತ ಕೇಳಬೇಡಿ. ಎಲ್ಲರೂ ಅದನ್ನೇ ಮೊದಲು ಕೇಳ್ತಾರೆ.) ಜಾಮೀನು ಮಂಜೂರಾಗಿ ತಿಂಗಳು ದಾಟಿದ್ದರೂ ಒಳಗೇ ಇದ್ದಳು. ಹೊಲದ ಪಹಣಿ ಹಿಡಿದು ಬಂದು ಜಾಮೀನಿಗೆ ನಿಲ್ಲುವವರು ಯಾರೂ ಇರಲಿಲ್ಲ. ಮುಲಾಖತ್‌ಗೂ ಯಾರೂ ಬರುತ್ತಿರಲಿಲ್ಲ.

"ಮಗಳೊಬ್ಬಾಕಿ ಅದಾಳ್ರಿ, ಆಳಂದ ಕಡಿ ಕೊಟ್ಟದ. ಖರೆ ಅಕಿಗಿ ಹೇಳಬ್ಯಾಡ್ರಿ ಮೇಡಂ" ಅಂದಳು.

ಬಿಗುಮಾನ ಅಂದುಕೊಂಡೆ. ತಾಯಿ ಮಗಳ ಜಗಳ ಎಷ್ಟು ದಿನ ಅಂತ ಶನಿವಾರ ಬಸ್ ಹತ್ತಿ ಹೊರಟೇಬಿಟ್ಟೆ.

ಮಗಳು ರೊಟ್ಟಿ ಬಡಿಯುತ್ತಿದ್ದಳು. ಗಂಡ ಕಟ್ಟೆಯ ಮೇಲೆ ಕೂತಿದ್ದ. ಎರಡೆಕರೆ ಹೊಲ ಇರೋದು ಅವನ ಹೆಸರಲ್ಲೇ, ಹಾಗಾಗಿ ಅವನಿಗೇ ಹೇಳಿದೆ: "ನಿಮ್ಮ ಅತ್ತಿಯವರಿಗೆ ಜಾಮೀನು ಆಗ್ಯದರಿ, ನೀವು ಬಂದು ಸಹಿ ಮಾಡಬೇಕು." ಬಡಿಯುವ ಸಪ್ಪಳ ನಿಂತಿತು. ಅವನು ಒಳಗೆ ತಿರುಗಿ, "ನಿಮ್ಮವ್ವ ಸತ್ತಾಳ ಅಂದಿದ್ದಿ?" ಅಂದ. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು, ಆಕೆ ತೆಗೆಯಲೇ ಇಲ್ಲ.

ಊರ ಬಸ್ ಸ್ಟಾಪಿನವರೆಗೆ ನನ್ನ ಹಿಂದೆ ಬಂದಳು. "ಸಣ್ಣಾಕಿ ಇದ್ದಾಗ ಜಾತ್ರ್ಯಾಗ ನನ್ನ ನಡುವ ನಿಂದ್ರಿಸಿ ಅಳು ಅಂತಿದ್ದಳ್ರಿ. ಮಂದಿ ನನ್ನ ಕಡಿ ನೋಡ್ಲಿ ಅಂತ. ನನಗೂ ಮಗಳದಾಳ್ರಿ ಈಗ." ಅಷ್ಟೇ ಹೇಳಿದ್ದು. ನನ್ನನ್ನು ಬೈಯಲೂ ಇಲ್ಲ.

ಇದೆಲ್ಲ ಬೇಕೇ ಇರಲಿಲ್ಲ ಅನ್ನೋದೇ ನನಗೆ ಹೆಚ್ಚು ಚುಚ್ಚೋದು. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶದ ಪ್ರತಿ ನನ್ನ ಮೇಜಿನಲ್ಲೇ ಇತ್ತು. ಜಾಮೀನು ಸಿಕ್ಕು 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು. ಸೋಮವಾರ ಎರಡು ಪುಟದ ಅರ್ಜಿ ಹಾಕಿದೆ. ಆ ವಾರವೇ ಸ್ವಂತ ಮುಚ್ಚಳಿಕೆ ಮೇಲೆ ಬಿಡುಗಡೆ ಆಯಿತು. ಶನಿವಾರ ಬಸ್ ಹತ್ತುವ ಬದಲು ಕೂತು ಅದನ್ನೇ ಟೈಪ್ ಮಾಡಿಸಬಹುದಿತ್ತು.

ಈಗ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವಾಗಲೇ ಕೇಳ್ತೀನಿ: ಮನೆಯಲ್ಲಿ ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು. ಉತ್ತರವನ್ನು ಫೈಲಿನ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೀತೀನಿ. ಜೂನಿಯರ್ ಹುಡುಗಿ ನಗ್ತಾಳೆ, ನಗಲಿ.

ಹೊರಗೆ ಬಂದಾಗ ಆಕೆ ಕೇಳಿದ್ದು ಒಂದೇ. "ಅಕಿಗಿ ಹೇಳಿಲ್ಲಲ್ರಿ ಮೇಡಂ?"

ಹೇಳೀನಿ ಅಂದೆ. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ಸರಿಮಾಡಿಕೊಂಡು, ಆಳಂದದ ಬಸ್ಸು ನಿಲ್ಲುವ ಕಡೆ ನೋಡದೆ, ಸೇಡಂ ಬಸ್ಸು ಹತ್ತಿದಳು.