ಹೊಸಂಗಡಿ ಎರಡು ಸಲ ಬರುವುದೇಕೆ: ರೈಲ್ಸ್‌ನಲ್ಲಿ ಕನ್ನಡ, ಮಲಯಾಳ ಹೆಸರುಗಳು

ಕಾಸರಗೋಡಿನ ಸಹಕಾರಿ ಸಂಘಕ್ಕೋ ಶಾಲೆಗೋ ರೈಲ್ಸ್ (ರೂಬಿ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ಬಳಸಿ ಆ್ಯಪ್ ಬರೆದರೆ ಒಂದೇ ಫಾರ್ಮಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬಂದು ಬೀಳುತ್ತವೆ. ಆಮೇಲೆ ಬರುವ ದೂರು: ಒಂದೇ ಊರು ಪಟ್ಟಿಯಲ್ಲಿ ಎರಡು ಸಲ ಬರುತ್ತದೆ, ಇಲ್ಲವೇ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಕ್ವೆರಿಯನ್ನು (ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನು) ತಡಕಾಡುವ ಮೊದಲು ಒಂದೇ ಎಂದು ಕಾಣುವ ಆ ಎರಡು ಸ್ಟ್ರಿಂಗ್‌ಗಳ (ಪಠ್ಯಗಳ) ಮೇಲೆ ‘ಕೋಡ್‌ಪಾಯಿಂಟ್ಸ್’ ಮೆಥಡ್ ಓಡಿಸಿ ನೋಡಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಒಂದೊಂದು ಚಿಹ್ನೆಯ ಸಂಖ್ಯೆಯೇ ಕೋಡ್‌ಪಾಯಿಂಟ್.

‘ಹೊಸಂಗಡಿ’ಯ ಮೊದಲ ಅಕ್ಷರದಲ್ಲಿ ಒಕಾರದ ಚಿಹ್ನೆ ಒಂದೇ ಕೋಡ್‌ಪಾಯಿಂಟ್ ಆಗಿರಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳು ಸೇರಿ ಎರಡಾಗಿಯೂ ಇರಬಹುದು. ಪರದೆಯಲ್ಲಿ ವ್ಯತ್ಯಾಸವಿಲ್ಲ. ರೂಬಿಗೆ ಮಾತ್ರ ಒಂದರ ಲೆಂಗ್ತ್ (ಕೋಡ್‌ಪಾಯಿಂಟ್‌ಗಳ ಎಣಿಕೆ) 7, ಇನ್ನೊಂದರದ್ದು 8, ಎರಡೂ ಸಮವಲ್ಲ. ‘ಯೂನಿಕೋಡ್ ನಾರ್ಮಲೈಸ್’ ಮೆಥಡ್ ಇವನ್ನು ಒಂದು ಮಾಡುತ್ತದೆ. ರೈಲ್ಸ್ 7.1ರಿಂದ ಮಾಡೆಲ್‌ನಲ್ಲೇ ‘ನಾರ್ಮಲೈಸಸ್’ ಎಂದು ಒಂದು ಸಾಲು ಬರೆದರೆ ಉಳಿಸುವಾಗಲೂ ‘ಫೈಂಡ್ ಬೈ’ನಿಂದ ಹುಡುಕುವಾಗಲೂ ಅದೇ ನಿಯಮ ಅನ್ವಯಿಸುತ್ತದೆ. ಹೆಸರಿನ ಭಾಗ ಹುಡುಕಲು ಕೈಯಾರೆ ಬರೆದ ‘ಲೈಕ್’ ಕ್ವೆರಿಗೆ ಅನ್ವಯಿಸುವುದಿಲ್ಲ. ಅಲ್ಲಿ ಹುಡುಕುವ ಪದವನ್ನು ನೀವೇ ನಾರ್ಮಲೈಸ್ ಮಾಡಿ ಕೊಡಬೇಕು. ಅಪ್‌ಲೋಡ್ ಆದ ಫೈಲ್‌ನಿಂದ ಬೈನರಿಯಾಗಿ ಓದಿದ ಸ್ಟ್ರಿಂಗ್ ಆದರೆ ಈ ಮೆಥಡ್ ಎರರ್ ಎಸೆಯುತ್ತದೆ, ಮೊದಲು ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸದಸ್ಯರ ಪಟ್ಟಿ ಯೂನಿಕೋಡೇ ಅಲ್ಲ. ಅದನ್ನು ಪರಿವರ್ತಕದಲ್ಲಿ ಹಾಕದೆ ಮುಟ್ಟಲೇಬೇಡಿ.

ಮಲಯಾಳದ್ದು ಇನ್ನೊಂದು ತಕರಾರು. ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪಗಳಿಗೆ) ಸ್ವಂತ ಕೋಡ್‌ಪಾಯಿಂಟ್ ಸಿಕ್ಕಿದ್ದು 2008ರ ಯೂನಿಕೋಡ್ 5.1ರಲ್ಲಿ. ಅದಕ್ಕೂ ಹಿಂದಿನ ಕ್ರಮದಲ್ಲಿ ವ್ಯಂಜನ, ಚಂದ್ರಕ್ಕಲ (ಮಲಯಾಳದ ಹಲಂತ ಚಿಹ್ನೆ), ಕಾಣದ ಜಾಯಿನರ್ (ಅಕ್ಷರ ಕೂಡಿಸುವ ಗುರುತು) ಹೀಗೆ ಮೂರು ಸೇರಿ ಒಂದು ಚಿಲ್ಲು. ನಾರ್ಮಲೈಸ್ ಮಾಡಿದರೂ ಈ ಎರಡು ಒಂದಾಗುವುದಿಲ್ಲ. ಮಲಯಾಳದಲ್ಲಿ ಬರೆದ ನಮ್ಮ ಜಿಲ್ಲೆಯ ಹೆಸರಿನಲ್ಲೇ ರೇಫದ ಚಿಲ್ಲು ಇದೆ, ಹಾಗಾಗಿ ಪರೀಕ್ಷೆಗೆ ಬೇರೆ ಪದ ಹುಡುಕಬೇಕಾಗಿಲ್ಲ. ಣ, ನ, ರ, ಲ, ಳ ಈ ಐದಕ್ಕೆ ಒಂದು ಹ್ಯಾಶ್ (ಹಳೆಯದು–ಹೊಸದರ ಜೋಡಿಪಟ್ಟಿ) ಮಾಡಿ, ಪಠ್ಯ ಬದಲಿಸುವ ಮೆಥಡ್ ‘ಜಿಸಬ್’ನಿಂದ ಹೊಸ ರೂಪಕ್ಕೆ ತನ್ನಿ.

ಇಷ್ಟಾದ ಮೇಲೆ ಕಾಣದ ಅಕ್ಷರಗಳನ್ನೆಲ್ಲ ಅಳಿಸಿಬಿಡೋಣ ಅನಿಸುತ್ತದೆ. ಬೇಡ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯುವ ನಾನ್‌ಜಾಯಿನರ್ ಹೋದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರ ಮೂಡುತ್ತದೆ, ಸರ್ಟಿಫಿಕೇಟಿನಲ್ಲಿ ಹಾಗೆ ಅಚ್ಚಾದರೆ ಜಗಳ ಖಂಡಿತ. ಎರಡು ಕಾಲಂ ಇಡುವುದೇ ಸರಿ: ಬರೆದದ್ದನ್ನು ಬರೆದ ಹಾಗೆ ತೋರಿಸುವುದಕ್ಕೆ ಒಂದು, ಜಾಯಿನರ್, ನಾನ್‌ಜಾಯಿನರ್ ಎರಡನ್ನೂ ತೆಗೆದು ಹುಡುಕುವುದಕ್ಕೆ ಇನ್ನೊಂದು. ಚಿಲ್ಲು ಬದಲಾಯಿಸಿದ ನಂತರವೇ ಜಾಯಿನರ್ ತೆಗೆಯಿರಿ, ಕ್ರಮ ತಪ್ಪಿದರೆ ಹಳೆಯ ಚಿಲ್ಲು ಗುರುತೇ ಸಿಗದಂತಾಗುತ್ತದೆ. ಇಂಡೆಕ್ಸ್ ಎರಡನೆಯದಕ್ಕೆ. ಊರಿನ ಟೇಬಲ್ ಆದರೆ ಅದನ್ನು ಯೂನಿಕ್ (ಒಂದೇ ಹೆಸರು ಎರಡು ಸಲ ಸೇರದಂತೆ) ಮಾಡಿ, ವ್ಯಕ್ತಿಗಳ ಹೆಸರಿಗೆ ಬೇಡ. ಹಳೆಯ ದಾಖಲೆಗಳನ್ನು ‘ಫೈಂಡ್ ಈಚ್’ನಲ್ಲಿ ತುಂಬಿಸಿ, ಅದು 1000ದ ಕಂತುಗಳಲ್ಲಿ ತರುವುದರಿಂದ ಮೆಮೊರಿ ಹಿಗ್ಗುವುದಿಲ್ಲ.

ವ್ಯಾಲಿಡೇಷನ್‌ನ ರೆಜೆಕ್ಸ್ (ಯಾವ ಅಕ್ಷರ ಒಪ್ಪಬೇಕೆಂದು ಹೇಳುವ ಮಾದರಿ) ಕೂಡ ನೋಡಿ. ರೂಬಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಒಪ್ಪುತ್ತದೆ. ಯೂನಿಕೋಡಿನ ಲೆಟರ್, ಮಾರ್ಕ್ ಎರಡೂ ವರ್ಗ ಬೇಕು. ಮಾರ್ಕ್ ಬಿಟ್ಟರೆ ಕಾಗುಣಿತವೆಲ್ಲ ತಿರಸ್ಕೃತ. ಜಾಯಿನರ್, ನಾನ್‌ಜಾಯಿನರ್ ಎರಡನ್ನೂ ಬೇರೆಯಾಗಿ ಸೇರಿಸಬೇಕು. ‘೧೨’ಕ್ಕೆ ಪಠ್ಯವನ್ನು ಸಂಖ್ಯೆಯಾಗಿಸುವ ‘ಟು ಐ’ ಹಾಕಿದರೆ ಸಿಗುವುದು 0, ಆದ್ದರಿಂದ ಮೊದಲು ‘ಟಿಆರ್’ನಿಂದ ಅಂಕಿ ಬದಲಿಸಿ. ಹೆಸರನ್ನು ಯುಆರ್‌ಎಲ್‌ಗೆ ಹೊಂದಿಸುವ ‘ಪ್ಯಾರಾಮೀಟರೈಸ್’ ಕನ್ನಡ ಹೆಸರಿನಿಂದ ಖಾಲಿ ಸ್ಟ್ರಿಂಗ್ ಕೊಡುತ್ತದೆ, ಯುಆರ್‌ಎಲ್‌ಗೆ ಐಡಿ ಸಾಕು.

ಎಸ್ಸೆಮ್ಮೆಸ್ ಕಳಿಸುವಾಗ ಮಾತ್ರ ‘ಲೆಂಗ್ತ್’ ನಿಜವಾಗಿ ಉಪಯೋಗಕ್ಕೆ ಬರುತ್ತದೆ: ಕನ್ನಡ ಸಂದೇಶಕ್ಕೆ ಮಿತಿ 70, ಅದು ಮೀರಿ ತುಂಡಾದರೆ ಪ್ರತಿ ತುಂಡಿಗೆ 67. ಪರದೆಯಲ್ಲಿ ಹೆಸರು ಮೊಟಕುಗೊಳಿಸಲು ಅದನ್ನು ನಂಬಬೇಡಿ, ‘ಉಪ್ಪಳ’ ‘ಉಪ್’ ಆಗಿ ನಿಲ್ಲುತ್ತದೆ. ಆ ಕೆಲಸ ಸಿಎಸ್‌ಎಸ್‌ಗೆ ಬಿಡಿ. ಪಿಡಿಎಫ್‌ಗೆ ಪ್ರಾನ್ ಎಂಬ ರೂಬಿ ಲೈಬ್ರರಿ ಬಳಸಿದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ಎಚ್‌ಟಿಎಂಎಲ್ ಮಾಡಿ ಗ್ರೋವರ್ ಎಂಬ ಇನ್ನೊಂದು ಲೈಬ್ರರಿಯ ಮೂಲಕ ಕ್ರೋಮ್‌ನಿಂದ ತೆಗೆಯಿರಿ, ಸರ್ವರ್‌ನಲ್ಲಿ ನೋಟೊ ಕನ್ನಡ, ನೋಟೊ ಮಲಯಾಳಂ ಫಾಂಟ್‌ಗಳಿರಲಿ.

ಟೆಸ್ಟ್ ಬರೆಯುವಾಗ ಇಂಥ ಪದಗಳನ್ನು ನೇರವಾಗಿ ಟೈಪ್ ಮಾಡದೆ ಯೂನಿಕೋಡ್ ಎಸ್ಕೇಪ್ ಆಗಿ (ಕೋಡ್‌ಪಾಯಿಂಟ್ ಸಂಖ್ಯೆಗಳಲ್ಲಿ) ಬರೆಯಿರಿ. ಇಲ್ಲವಾದರೆ ಎರಡು ಬೇರೆ ರೂಪಗಳು ನಿಜಕ್ಕೂ ಫೈಲ್‌ನಲ್ಲಿವೆಯೇ ಎಂದು ಕೋಡ್ ರಿವ್ಯೂ ಮಾಡುವವರಿಗೆ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.