ಕೋಲ್ಮಾರ್‌ನಲ್ಲಿ ಅವ್ವ ನೋಡಿದ ಶಿಲುಬೆ

ಅವ್ವ ಮೂರು ತಿಂಗಳಿಗೆ ಅಂತ ನಮ್ಮ ಮನೆಗೆ, ಜರ್ಮನಿಯ ಫ್ರೈಬುರ್ಗ್‌ಗೆ ಬಂದಿದ್ಲು. ಗಡಿ ದಾಟಿದ್ರೆ ಫ್ರಾನ್ಸ್, ಒಂದಿನ ಹೋಗಿ ಬರೋಣ ಅಂತ ಬ್ರೈಸಾಖ್ ತನಕ ಟ್ರೇನು, ಅಲ್ಲಿಂದ ರೈನ್ ನದಿ ದಾಟಿ ಬಸ್ಸಲ್ಲಿ ಕೋಲ್ಮಾರ್. ಊರು ಚೆಂದ ಇದೆ, ಮರದ ಚೌಕಟ್ಟಿನ ಬಣ್ಣಬಣ್ಣದ ಮನೆಗಳು, ಕಾಲುವೆ, ಎಲ್ಲರೂ ಫೋಟೋ ಹಾಕೋ ಊರು ಅದು, ಅದ್ರ ಬಗ್ಗೆ ಜಾಸ್ತಿ ಬರೆಯಲ್ಲ. ನಾನು ಹೋಗಿದ್ದೇ ಉಂಟರ್‌ಲಿಂಡನ್ ಮ್ಯೂಸಿಯಂಗೆ, ಅಲ್ಲಿರೋ ಐಸನ್‌ಹೈಮ್ ಬಲಿಪೀಠದ ಚಿತ್ರ ನೋಡೋಕೆ (ಚರ್ಚಿನ ಬಲಿಪೀಠದ ಮೇಲೆ ನಿಲ್ಲಿಸೋಕೆ ಅಂತ, ಬಾಗಿಲಿನ ಹಾಗೆ ತೆರೆಯೋ ಮರದ ಹಲಗೆಗಳ ಮೇಲೆ ಬರೆದದ್ದು).

ಮ್ಯೂಸಿಯಂ ಇರೋದು ಹಳೇ ಕಾಲದ ಡೊಮಿನಿಕನ್ ಸನ್ಯಾಸಿನಿಯರ ಮಠದಲ್ಲಿ. ಚಿತ್ರಗಳು ಅದರ ಚಾಪೆಲ್ ಒಳಗೆ, ಎತ್ತರದ ಛಾವಣಿ, ತಣ್ಣಗೆ, ಜನ ಮಾತಾಡಿದ್ರೂ ಪಿಸುಮಾತು. ಮೊದಲನೇ ಹಲಗೆ ಶಿಲುಬೆಯದ್ದು. ನಾನು ಪುಸ್ತಕದಲ್ಲಿ, ಮೊಬೈಲಲ್ಲಿ ಎಷ್ಟೋ ಸಲ ನೋಡಿದ್ದೆ, ಎದುರು ನಿಂತಾಗ ಆದದ್ದೇ ಬೇರೆ. ಯೇಸು ಅಲ್ಲಿ ಎಲ್ಲರಿಗಿಂತ ದೊಡ್ಡವನು, ಅವನ ಶಿಷ್ಯೆ ಮಗ್ದಲದ ಮರಿಯ ಕಾಲ ಹತ್ರ ಮಗುವಿನಷ್ಟು ಸಣ್ಣಗೆ ಮೊಣಕಾಲೂರಿದ್ದಾಳೆ. ಶಿಲುಬೆಯ ಅಡ್ಡಮರ ಆ ಭಾರಕ್ಕೆ ಬಾಗಿದೆ. ಬೆರಳುಗಳು ಒಂದೊಂದೂ ಸೆಟೆದು ಆಕಾಶದ ಕಡೆ. ಮೈತುಂಬ ಹುಣ್ಣು, ಚರ್ಮಕ್ಕೆ ಹಸಿರು ಮಿಶ್ರಿತ ಬಣ್ಣ, ತುಟಿ ನೀಲಿ.

ಅವ್ವ ಮೂವತ್ತು ವರ್ಷಕ್ಕೂ ಹೆಚ್ಚು ಸರ್ಕಾರಿ ಆಸ್ಪತ್ರೆಲಿ ನರ್ಸ್ ಆಗಿದ್ದವಳು. ಅವಳು ಹತ್ರ ಹೋಗಿ, ಚಾಳೀಸು ಹಾಕ್ಕೊಂಡು, ಆ ಕಾಲನ್ನೇ ನೋಡ್ತಾ ನಿಂತ್ಲು. ಆಮೇಲೆ ಅಂದ್ಲು, "ಇದು ಬರೇ ಮೊಳಿ ಹೊಡದಿದ್ದು ಅಲ್ಲ ನೋಡು. ಮೊಳಿ ಹೊಡದ್ರ ಮೈಮ್ಯಾಲೆಲ್ಲ ಹಿಂಗ ಹುಣ್ಣು ಏಳೂದಿಲ್ಲ. ಇದನ್ನ ಬರದಾಂವ ವಾರ್ಡಿನಾಗ ಅಡ್ಡಾಡ್ಯಾನ."

ನಾನು ಇನ್ನೂ ಏನೂ ಹೇಳಿರ್ಲಿಲ್ಲ ಅವಳಿಗೆ. ಅವಳು ಅಂದಿದ್ದರಲ್ಲಿ ನಿಜ ಇತ್ತು.

ಇದನ್ನ ಬರೆದವನನ್ನ ಗ್ರ್ಯೂನೆವಾಲ್ಡ್ ಅಂತಾರೆ, ಆ ಹೆಸರು 17ನೇ ಶತಮಾನದಲ್ಲಿ ತಪ್ಪಾಗಿ ಅಂಟಿಕೊಂಡಿದ್ದು, ನಿಜವಾದ ಹೆಸರು ಮಾತಿಸ್. 1512ರಿಂದ 1516ರ ಆಸುಪಾಸಲ್ಲಿ, ಕೋಲ್ಮಾರ್‌ನ ದಕ್ಷಿಣಕ್ಕಿರೋ ಐಸನ್‌ಹೈಮ್ ಅನ್ನೋ ಹಳ್ಳಿಯ ಮಠಕ್ಕೆ ಮಾಡಿಕೊಟ್ಟಿದ್ದು. ಆ ಮಠ ಸಂತ ಅಂತೋಣಿಯ ಹೆಸರಿನ ಸನ್ಯಾಸಿಗಳದ್ದು (ನಮ್ಮ ಕಡೆ ಚರ್ಚುಗಳಲ್ಲಿ ಕೈಯಲ್ಲಿ ಬಾಲಯೇಸು ಇರೋ ಪಾದುವದ ಅಂತೋಣಿ ಅಲ್ಲ, ಇವನು ಈಜಿಪ್ಟಿನ ಮರುಭೂಮಿಯಲ್ಲಿದ್ದ ತಪಸ್ವಿ). ಅವರ ಮುಖ್ಯ ಕೆಲಸವೇ ರೋಗಿಗಳ ಸೇವೆ, ಅದರಲ್ಲೂ 'ಸಂತ ಅಂತೋಣಿಯ ಬೆಂಕಿ' ಅಂತ ಕರೀತಿದ್ದ ಕಾಯಿಲೆಯವರದ್ದು. ಕೈಕಾಲು ಸುಟ್ಟಂಗೆ ಉರಿ, ಸೆಳೆತ, ಇಲ್ಲದ್ದೆಲ್ಲ ಕಣ್ಮುಂದೆ ಕಾಣೋದು, ಕೊನೆಗೆ ಬೆರಳು ಕಪ್ಪಾಗಿ ಉದುರೋದು. ಕಾರಣ ರೈ ಅನ್ನೋ ಧಾನ್ಯದ ತೆನೆಗೆ ಬರೋ ಒಂದು ಬೂಷ್ಟು, ಅರ್ಗಾಟ್. ಮಳೆ ಜಾಸ್ತಿ ಆದ ವರ್ಷ ಬಡವರ ರೊಟ್ಟಿಯಲ್ಲೇ ವಿಷ, ಅದು ಅವರಿಗೆ ಗೊತ್ತಿರ್ಲಿಲ್ಲ.

ಇದನ್ನ ಹೇಳ್ತಿದ್ದ ಹಾಗೇ ಅವ್ವ, "ನಮ್ಮ ಸಜ್ಜಿಗೆ ಜೋನಿ ರೋಗ ಬರ್ತಿತ್ತಲ್ಲ, ಹಂಗ?" ಅಂದ್ಲು. ಅವಳ ತವರು ಕುಷ್ಟಗಿ ಕಡೆ. ತೆನೆಯಿಂದ ಬೆಲ್ಲದ ಪಾಕದ ಹಾಗೆ ಅಂಟು ಸೋರೋದು, ಅಜ್ಜ ಬೀಜಾನ ಉಪ್ಪುನೀರಿಗೆ ಹಾಕಿ ತೇಲಿದ್ದನ್ನ ತೆಗೆದು ಬಿತ್ತೋದು, ಎಲ್ಲಾ ನೆನಪಿದೆ ಅವಳಿಗೆ. ಅದು ಈ ರೈ ಬೂಷ್ಟಿನ ದಾಯಾದಿನೇ. ಇನ್ನೊಂದು ಹೇಳಿದೆ, ನೀನು ಹೆರಿಗೆ ಆದ ಮೇಲೆ ರಕ್ತ ನಿಲ್ಲೋಕೆ ಕೊಡ್ತಿದ್ದ ಮೆಥರ್ಜಿನ್ ಇಂಜೆಕ್ಷನ್ ಮೂಲದಲ್ಲಿ ಇದೇ ಬೂಷ್ಟಿಂದ ಬಂದಿದ್ದು, ರಕ್ತನಾಳ ಬಿಗಿ ಮಾಡೋ ಅದೇ ಗುಣ, ಆ ಸಂಶೋಧನೆ ನಡೆದದ್ದೂ ಇಲ್ಲೇ ಹತ್ರ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅವಳು ಮಾತಾಡ್ಲಿಲ್ಲ, ಬಹಳ ಹೊತ್ತು.

ಈಗ ಚಿತ್ರ ಬೇರೆ ಥರ ಕಾಣುತ್ತೆ. ರೋಗಿಗಳನ್ನ ಮಠಕ್ಕೆ ಸೇರಿಸಿಕೊಂಡಾಗ ಮೊದಲು ಈ ಬಲಿಪೀಠದ ಮುಂದೆ ತರ್ತಿದ್ರಂತೆ. ಕೈಕಾಲು ಕೊಳೀತಾ ಇರೋನು ಬಂದು ನೋಡ್ತಾನೆ, ದೇವರ ಮೈಮೇಲೂ ತನ್ನದೇ ಹುಣ್ಣು. ಅಂತೋಣಿ ಒಂದು ಕಡೆ, ಪ್ಲೇಗ್‌ನಿಂದ ಕಾಪಾಡ್ತಾನೆ ಅಂತ ನಂಬಿದ್ದ ಸೆಬಾಸ್ಟಿಯನ್ ಬಾಣ ಚುಚ್ಚಿಸಿಕೊಂಡು ಇನ್ನೊಂದು ಕಡೆ. ಶಿಲುಬೆಯ ಹಲಗೆ ಆಗ ಬಾಗಿಲಿನ ಹಾಗೆ ಎರಡಾಗಿ ತೆರೀತಿತ್ತು, ತೆರೆದಾಗ ಯೇಸುವಿನ ಒಂದು ಕೈ ದೇಹದಿಂದ ಬೇರೆ ಆಗ್ತಿತ್ತು, ಕೆಳಗಿನ ಹಲಗೆಯಲ್ಲಿ ಮಲಗಿಸಿರೋ ದೇಹದ ಕಾಲುಗಳೂ ಹಾಗೇ. ಕೈಕಾಲು ಕತ್ತರಿಸಿಕೊಂಡವರಿಗಾಗಿ ಬೇಕಂತಲೇ ಹೀಗೆ ಮಾಡಿದ್ದು ಅಂತ ಕೆಲವು ವಿದ್ವಾಂಸರ ಮಾತು. ನನಗೂ ಹಾಗೇ ಅನ್ಸುತ್ತೆ, ಹುಣ್ಣನ್ನ ಇಷ್ಟು ನೋಡಿ ಬರೆದವನು ಕೀಲು ಎಲ್ಲಿ ಬರುತ್ತೆ ಅಂತ ಯೋಚಿಸದೇ ಇರ್ತಾನಾ.

ಶಿಲುಬೆಯ ಬಲಕ್ಕೆ, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನ ನಿಂತಿದ್ದಾನೆ. ಬೈಬಲ್ ಪ್ರಕಾರ ಅವನ ತಲೆ ಅಷ್ಟರಲ್ಲಾಗಲೇ ಕಡಿದಾಗಿತ್ತು, ಅಲ್ಲಿರೋಕೆ ಸಾಧ್ಯವೇ ಇಲ್ಲ, ಆದ್ರೂ ಚಿತ್ರಕಾರ ಅವನನ್ನ ನಿಲ್ಲಿಸಿದ್ದಾನೆ, ಸಾಕ್ಷಿಯಾಗಿ. ಅಸಹಜವಾಗಿ ಉದ್ದವಾದ ತೋರುಬೆರಳು ಯೇಸುವಿನ ಕಡೆ, ಪಕ್ಕದಲ್ಲಿ ಕೆಂಪಕ್ಷರದ ಲ್ಯಾಟಿನ್ ಸಾಲು, ಅವನು ಹೆಚ್ಚಾಗ್ಬೇಕು ನಾನು ಕಡಿಮೆಯಾಗ್ಬೇಕು ಅಂತ. ಕಾಲ ಬಳಿ ಒಂದು ಕುರಿಮರಿ, ಅದರ ಎದೆಯಿಂದ ರಕ್ತ ಪಾತ್ರೆಗೆ ಬೀಳ್ತಿದೆ, ಚರ್ಚಿನ ಪೂಜೆಯಲ್ಲಿ ಗುರುಗಳು ಎತ್ತೋ ಪಾತ್ರೆ ಅದು.

ಒಳಗಿನ ಹಲಗೆಗಳಲ್ಲಿ ಬಣ್ಣ ಒಮ್ಮೆಲೇ ಎದ್ದು ಬರುತ್ತೆ. 2022ಕ್ಕೆ ಮುಗಿದ ಸಂರಕ್ಷಣೆ ಕೆಲಸದಲ್ಲಿ ಹಳೇ ವಾರ್ನಿಶ್ ತೆಗೆದಿದ್ದಾರೆ. ಯೇಸುವಿನ ತಾಯಿ ಮರಿಯಳ ಮಡಿಲಲ್ಲಿರೋ ಕೂಸಿಗೆ ಸುತ್ತಿರೋದು ಹರಕು ಬಟ್ಟೆ, ಶಿಲುಬೆಯ ಮೇಲೆ ಸೊಂಟಕ್ಕಿದ್ದದ್ದೂ ಹರಕೇ. ಪಕ್ಕದಲ್ಲಿ ತೊಟ್ಟಿಲು, ಸ್ನಾನದ ತೊಟ್ಟಿ, ಮೂತ್ರದ ಪಾತ್ರೆ ಸಹ! ಅವ್ವ ಅದನ್ನ ನೋಡಿ "ಬಾಣಂತಿ ಖೋಲಿ" ಅಂದ್ಲು ಅಷ್ಟೇ. ಇನ್ನೊಂದು ತುದಿಯಲ್ಲಿ ಪುನರುತ್ಥಾನ, ಕೆಂಪು ಹಳದಿಯ ದೊಡ್ಡ ಬೆಳಕಿನ ಚಕ್ರದೊಳಗೆ ಯೇಸು ಮೇಲೇಳ್ತಿದ್ದಾನೆ, ಚರ್ಮದ ಮೇಲೆ ಒಂದು ಹುಣ್ಣೂ ಇಲ್ಲ, ಶಿಲುಬೆಯ ಗಾಯದ ಗುರುತು ಮಾತ್ರ ಉಳಿದಿದೆ.

ಕೊನೆಯ ಸುತ್ತಿನಲ್ಲಿ ಅಂತೋಣಿ. ಒಂದರಲ್ಲಿ ಅವನು ಮುದುಕ ತಪಸ್ವಿ ಪೌಲನ ಜೊತೆ ಕೂತಿದ್ದಾನೆ, ಕಾಗೆ ಅವರಿಗೆ ರೊಟ್ಟಿ ತರ್ತಿದೆ, ಕಾಲ ಬಳಿ ಔಷಧಿ ಗಿಡಗಳು. ಮಠದಲ್ಲಿ ಕೊಡ್ತಿದ್ದದ್ದೂ ಅದೇ, ಒಳ್ಳೇ ರೊಟ್ಟಿ, ಗಿಡಮೂಲಿಕೆ ಹಾಕಿದ ದ್ರಾಕ್ಷಾರಸ, ಹಂದಿಕೊಬ್ಬಿನ ಮುಲಾಮು. ಇನ್ನೊಂದರಲ್ಲಿ ಪಿಶಾಚಿಗಳು ಅವನ ಕೂದಲು ಹಿಡಿದು ಎಳೀತಿವೆ, ಎಡಮೂಲೆಯಲ್ಲಿ ಹೊಟ್ಟೆ ಊದಿ, ಮೈತುಂಬ ಬೊಕ್ಕೆ ಎದ್ದ ಒಂದು ಜೀವ ಬಿದ್ದಿದೆ, ಅದು ಆ ಕಾಯಿಲೆಯವನೇ ಅಂತಾರೆ. ಬಲಮೂಲೆಯಲ್ಲಿ ಒಂದು ಚೀಟಿ. ಅದರಲ್ಲಿ ಬರೆದಿರೋದು, ಎಲ್ಲಿದ್ದೆ ಒಳ್ಳೇ ಯೇಸುವೇ, ಎಲ್ಲಿದ್ದೆ, ನನ್ನ ಗಾಯ ವಾಸಿ ಮಾಡೋಕೆ ಯಾಕೆ ಬರಲಿಲ್ಲ. ಬಲಿಪೀಠದ ಮೇಲೆ ಈ ಪ್ರಶ್ನೆಗೆ ಜಾಗ ಕೊಟ್ಟಿದ್ದಾರಲ್ಲ ಅನ್ನೋದೇ ನನಗೆ ಇವತ್ತಿಗೂ ದೊಡ್ಡದು.

ಗೋಡೆ ಮೇಲೆ ಸಣ್ಣ ಮರದ ಮಾದರಿ ಇದೆ, ಬಾಗಿಲುಗಳು ಹೇಗೆ ತೆರೀತಿದ್ವು ಅಂತ ತೋರಿಸೋಕೆ. ಮಾಮೂಲಿ ದಿನ ಮುಚ್ಚಿರೋದು, ಅಂದ್ರೆ ಶಿಲುಬೆ ಮಾತ್ರ. ಹಬ್ಬಕ್ಕೆ ಒಳಗಿನದ್ದು ತೆರೀತಿದ್ರು, ತೀರಾ ಒಳಗಿನದ್ದು ಅಂತೋಣಿಯ ಹಬ್ಬಕ್ಕೆ, ಜನವರಿ 17.

"ಅಂದ್ರ ಹಬ್ಬದ ತನಕ ಉಳೀದವರು ಆ ಬೆಳಕಿಂದು ನೋಡಲೇ ಇಲ್ಲ?" ಅಂತ ಕೇಳಿದ್ಲು.

"ಇಲ್ಲವ್ವ, ಹೊರಗಿನ ಶಿಲುಬೆ ಮಾತ್ರ ಅವರು ನೋಡಿದ್ದು."

ಬಸ್ಸಿಗೆ ಇನ್ನೂ ಟೈಮಿತ್ತು. ಅವ್ವ ತಿರುಗಿ ಶಿಲುಬೆಯ ಮುಂದೆ ಹೋಗಿ, ಅಲ್ಲಿದ್ದ ಬೆಂಚಿನ ಮೇಲೆ ಕೂತ್ಲು.