ಫತೋರ್ಡಾದ ಸಂಜೆ: ಮೂರು ಪೆನಾಲ್ಟಿ, ಒಂದು ಗೆರೆ

2023ರ ಮಾರ್ಚ್ 18, ಶನಿವಾರ. ಗೋವಾದ ಫತೋರ್ಡಾ ಕ್ರೀಡಾಂಗಣದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಫೈನಲ್, ನಮ್ಮ ಬೆಂಗಳೂರು ಎಫ್‌ಸಿ ಎದುರು ಎಟಿಕೆ ಮೋಹನ್ ಬಗಾನ್. ತೊಂಬತ್ತು ನಿಮಿಷಕ್ಕೆ 2–2. ಹೆಚ್ಚುವರಿ ಅರ್ಧ ಗಂಟೆಯಲ್ಲೂ ಗೋಲು ಬರಲಿಲ್ಲ. ಶೂಟೌಟ್‌ನಲ್ಲಿ ನಮ್ಮ ಬ್ರೂನೊ ಹೊಡೆದದ್ದನ್ನು ಬಗಾನ್ ಗೋಲ್‌ಕೀಪರ್ ವಿಶಾಲ್ ಕೈತ್ ತಡೆದರು, ನಮ್ಮವರೇ ಆದ ಪಾಬ್ಲೊ ಪೆರೆಸ್ ಹೊಡೆದದ್ದು ಮೇಲೆ ಹಾರಿತು, 4–3ರಲ್ಲಿ ಟ್ರೋಫಿ ಕೋಲ್ಕತ್ತಕ್ಕೆ ಹೋಯಿತು. ಆಟದ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಯವು. ಬಿಎಫ್‌ಸಿ ಮಾಲೀಕ ಪಾರ್ಥ್ ಜಿಂದಾಲ್ ಐಎಸ್‌ಎಲ್‌ಗೆ ವಿಎಆರ್ (ಕೋಣೆಯಲ್ಲಿ ಕೂತ ರೆಫರಿ ವಿಡಿಯೋ ನೋಡಿ ಮೈದಾನದ ರೆಫರಿಯ ತಪ್ಪು ಹೇಳುವ ವ್ಯವಸ್ಥೆ) ತರಲೇಬೇಕು ಎಂದು ಟ್ವೀಟ್ ಮಾಡಿದರು. ಬೆಂಗಳೂರಿನ ಅಭಿಮಾನಿಗಳ ಬಾಯಲ್ಲೂ ಅದೇ ಮಾತು.

ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅಂದು ವಿಎಆರ್ ಇದ್ದಿದ್ದರೆ ಏನು ಬದಲಾಗುತ್ತಿತ್ತು ಎಂದು ತಿಳಿಯಬೇಕಾದರೆ ಮೂರನ್ನೂ ಬಿಡಿಬಿಡಿಯಾಗಿ ನೋಡಬೇಕು. ಮೂರೂ ಮೂರು ಜಾತಿಯವು.

ಮೊದಲನೆಯದು 14ನೇ ನಿಮಿಷದ್ದು. ಕಾರ್ನರ್‌ನಿಂದ ಬಂದ ಚೆಂಡು ನಮ್ಮ ರಾಯ್ ಕೃಷ್ಣ ಕೈಗೆ ತಗುಲಿತು, ಬಗಾನ್‌ನ ಪೆಟ್ರಾಟೋಸ್ ಗೋಲು ಹೊಡೆದರು. ಹ್ಯಾಂಡ್‌ಬಾಲ್‌ನಲ್ಲಿ ‘ಬೇಕೆಂದೇ ಮುಟ್ಟಿದನೇ’ ಎಂಬ ಒಂದೇ ಪ್ರಶ್ನೆ ಈಗ ಸಾಲದು. ಕಂಕುಳಿನ ಕೆಳಗಂಚಿನ ಮಟ್ಟದಿಂದ ಕೆಳಗಿನದೆಲ್ಲ ತೋಳು, ಅದರ ಮೇಲಿನದು ಭುಜ. ಭುಜಕ್ಕೆ ತಗುಲಿದರೆ ತಪ್ಪಿಲ್ಲ. ತೋಳು ಆ ಚಲನೆಗೆ ಸಹಜವಲ್ಲದ ಜಾಗದಲ್ಲಿದ್ದು ದೇಹವನ್ನು ಅಗಲ ಮಾಡಿದ್ದರೆ, ಬೇಕೆಂದು ಮುಟ್ಟದಿದ್ದರೂ ತಪ್ಪು. ಕಾರ್ನರ್‌ಗೆ ನೆಗೆಯುವಾಗ ತಲೆಯ ಮಟ್ಟಕ್ಕೆ ಕೈ ಎತ್ತಿದವನು ಆ ಅಪಾಯವನ್ನು ತಾನೇ ಮೈಮೇಲೆ ಎಳೆದುಕೊಳ್ಳುತ್ತಾನೆ. ವಿಎಆರ್ ಕೋಣೆ ಇದನ್ನು ನೋಡಿ ಸುಮ್ಮನಾಗುತ್ತಿತ್ತು.

ಎರಡನೆಯದು ಮೊದಲಾರ್ಧದ ಕೊನೆಯ ಗಳಿಗೆಯದು. ಚೆಂಡನ್ನು ಹೊರಗೆ ಒದೆಯಲು ಹೋದ ಬಗಾನ್‌ನ ಸುಭಾಶಿಶ್ ಬೋಸ್ ಕಾಲು ಕೃಷ್ಣ ಅವರಿಗೆ ಬಡಿಯಿತು. ಛೆಟ್ರಿ 1–1 ಮಾಡಿದರು. ಇಲ್ಲಿ ಚಾಲ್ತಿಯಲ್ಲಿರುವುದು ಒಂದು ಒಳ್ಳೆಯ ಪದ್ಧತಿ: ಎಲ್ಲಿ ತಾಗಿತು ಎಂದು ನೋಡಲು ನಿಧಾನ ಚಿತ್ರ, ಎಷ್ಟು ಜೋರಾಗಿ ತಾಗಿತು ಎಂದು ನೋಡಲು ಮಾಮೂಲಿ ವೇಗದ ಚಿತ್ರ. ನಿಧಾನ ಚಿತ್ರದಲ್ಲಿ ಸವರಿದ್ದೂ ಒದ್ದ ಹಾಗೇ ಕಾಣುತ್ತದೆ, ಅದಕ್ಕೇ ಈ ಕಟ್ಟುಪಾಡು. ಬೋಸ್ ಉದ್ದೇಶ ಚೆಂಡೇ ಇದ್ದಿರಬಹುದು. ಅಜಾಗರೂಕತೆಯಿಂದ ಒದ್ದರೂ ಫೌಲ್ ಫೌಲೇ.

ಇನ್ನು 85ನೇ ನಿಮಿಷ. ಹೊಟ್ಟೆಗೆ ಬೆಂಕಿ ಬಿದ್ದದ್ದು ಇಲ್ಲಿ. 78ರಲ್ಲಿ ಕೃಷ್ಣ ತಲೆಯಿಂದ ಹೊಡೆದು ಬೆಂಗಳೂರಿಗೆ 2–1ರ ಮುನ್ನಡೆ ಕೊಟ್ಟಿದ್ದರು. ಬಗಾನ್‌ನ ಕಿಯಾನ್ ನಸೀರಿ ಬಾಕ್ಸ್‌ನತ್ತ (ಗೋಲಿನ ಮುಂದಿನ ಪೆನಾಲ್ಟಿ ಅಂಕಣ) ನುಗ್ಗಿದರು, ಪಾಬ್ಲೊ ಪೆರೆಸ್ ಅವರನ್ನು ಬೀಳಿಸಿದರು. ಫೌಲ್ ಎಂಬುದರಲ್ಲಿ ಜಗಳವಿಲ್ಲ. ಜಗಳ ಇದ್ದದ್ದು ಕಾಲು ತಾಗಿದ ಜಾಗದ ಮೇಲೆ: ಗೆರೆಯ ಒಳಗೋ ಹೊರಗೋ? ರೆಫರಿ ಪೆನಾಲ್ಟಿ ಕೊಟ್ಟರು, ಪೆಟ್ರಾಟೋಸ್ 2–2 ಮಾಡಿದರು.

ನಿಯಮ ಸ್ಪಷ್ಟವಾಗಿದೆ. ಗೋಲ್ ಗೆರೆಯಿಂದ 16.5 ಮೀಟರ್ ದೂರದ ಆ ಬಿಳಿ ಗೆರೆ ಬಾಕ್ಸ್‌ಗೇ ಸೇರಿದ್ದು. ಗೆರೆಯ ಮೇಲೆ ಆದ ಫೌಲ್ ಪೆನಾಲ್ಟಿಯೇ. ಆಟಗಾರ ಎಲ್ಲಿ ಬಿದ್ದ ಎಂಬುದಕ್ಕೆ ಬೆಲೆಯಿಲ್ಲ, ಎಲ್ಲಿ ತಾಗಿತು ಎಂಬುದಕ್ಕೆ ಬೆಲೆ. ಅಂಗಿ ಹಿಡಿದೆಳೆಯುವುದು ಮಾತ್ರ ಬೇರೆ: ಹೊರಗೆ ಹಿಡಿದು ಬಾಕ್ಸ್ ಒಳಗೂ ಬಿಡದಿದ್ದರೆ ಪೆನಾಲ್ಟಿ. ಓಡುವವನನ್ನು ಹೊರಗೆ ಬೀಳಿಸಿದರೆ ಓಟದ ರಭಸಕ್ಕೆ ಅವನು ಒಳಗೆ ಹೋಗಿ ಬೀಳುತ್ತಾನೆ, ನೋಡುವವರ ಕಣ್ಣು ಬಿದ್ದ ಜಾಗಕ್ಕೆ ಅಂಟಿಕೊಳ್ಳುತ್ತದೆ. ಹಿಂದಿನಿಂದ ಓಡಿಬರುವ ರೆಫರಿಗೂ ಇದೇ ತೊಡಕು.

ಒಳಗೋ ಹೊರಗೋ ಎಂಬುದು ಅಭಿಪ್ರಾಯದ ಮಾತಲ್ಲ, ಅಳತೆಯ ಮಾತು. ಹಾಗಾಗಿ ವಿಎಆರ್‌ಗೆ ಮೂರರಲ್ಲೂ ಸಲೀಸಾದದ್ದು ಇದೇ. ರೆಫರಿ ಮೈದಾನದಂಚಿನ ಪರದೆಯ ಹತ್ತಿರ ಓಡಬೇಕಾಗಿಲ್ಲ, ಕೋಣೆಯಿಂದ ಕಿವಿಗೆ ‘ಹೊರಗೆ’ ಎಂಬ ಒಂದು ಮಾತು ಬಂದರೆ ಪೆನಾಲ್ಟಿ ಹೋಗಿ ನೇರ ಫ್ರೀ ಕಿಕ್ ಆಗುತ್ತದೆ. ಕಾರ್ಡ್ ಲೆಕ್ಕವೂ ಬದಲಾಗಬಹುದು. ಖಚಿತ ಗೋಲಿನ ಅವಕಾಶವನ್ನು ಬಾಕ್ಸ್ ಒಳಗೆ, ಚೆಂಡಿಗಾಗಿ ಪ್ರಯತ್ನಿಸಿ ತಪ್ಪಿಸಿದ್ದರೆ ಪೆನಾಲ್ಟಿ ಜೊತೆ ಹಳದಿ ಕಾರ್ಡ್. ಅದೇ ಒದೆತ ಒಂದಡಿ ಹೊರಗೆ ಬಿದ್ದಿದ್ದರೆ ಫ್ರೀ ಕಿಕ್ ಜೊತೆ ಕೆಂಪು. ‘ಹೊರಗೆ’ ಎಂದು ಕೂಗುವ ರಕ್ಷಕರು ಇದನ್ನೂ ನೆನಪಿಡಬೇಕು.

ಸಲೀಸು ಎಂದೆ, ಅದು ಸರಿಯಾದ ಕ್ಯಾಮೆರಾ ಇದ್ದರೆ ಮಾತ್ರ. ಮೈದಾನದ ನಡುಗೆರೆಯ ಎತ್ತರದಲ್ಲಿ ಕೂತ ಮುಖ್ಯ ಕ್ಯಾಮೆರಾ ಬಾಕ್ಸ್ ಗೆರೆಯನ್ನು ಓರೆಯಾಗಿ ನೋಡುತ್ತದೆ. ನೆಲದಿಂದ ಒಂದಿಷ್ಟು ಮೇಲಿರುವ ಕಾಲು ಆ ಓರೆಯಲ್ಲಿ ಗೆರೆಯ ಆಚೆಯೂ ಕಾಣಬಹುದು, ಈಚೆಯೂ ಕಾಣಬಹುದು. ಗೆರೆಗೆ ನೇರವಾಗಿ, ಅದೇ ಸಾಲಿನಲ್ಲಿ ಇಟ್ಟ ಕ್ಯಾಮೆರಾ ಪ್ರತಿ ತುದಿಗೂ ಒಂದೊಂದು ಬೇಕು. ಆಮೇಲೆ ಚಿತ್ರದ ವೇಗ. ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ಸೆಕೆಂಡಿಗೆ 8 ಮೀಟರ್ ಓಡುವ ಆಟಗಾರ ಒಂದು ಚಿತ್ರದಿಂದ ಇನ್ನೊಂದಕ್ಕೆ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಗೆರೆಯ ಅಗಲ ಹೆಚ್ಚೆಂದರೆ 12 ಸೆಂಟಿಮೀಟರ್! ತಾಗಿದ ಕ್ಷಣ ಎರಡು ಚಿತ್ರಗಳ ನಡುವೆ ಬಿದ್ದರೆ ಗೆರೆ ಪೂರ್ತಿ ದಾಟಿಹೋಗಿರಬಹುದು. ಆಗ ಮೈದಾನದ ತೀರ್ಪೇ ಉಳಿಯುತ್ತದೆ.

ಕೋಣೆಯೊಳಗಿನ ಕೆಲಸವನ್ನೂ ಒಂದಿಷ್ಟು ಹೇಳಬೇಕು. ಅಲ್ಲಿ ವಿಎಆರ್ ಎಂಬ ಒಬ್ಬ ರೆಫರಿ, ಸಹಾಯಕ ವಿಎಆರ್, ಚಿತ್ರ ಹಿಂದೆ ಮುಂದೆ ಓಡಿಸುವ ಆಪರೇಟರ್ ಇರುತ್ತಾರೆ. 2018ರ ವಿಶ್ವಕಪ್‌ನಲ್ಲಿ ಮಾಸ್ಕೋದ ಆ ಕೋಣೆಗೆ ಪ್ರಸಾರದ 33 ಕ್ಯಾಮೆರಾಗಳ ಚಿತ್ರ ಬರುತ್ತಿತ್ತು. ಪೆನಾಲ್ಟಿ ಕೊಟ್ಟ ಕೂಡಲೇ ಪರಿಶೀಲನೆ ತಾನಾಗಿ ಶುರು, ಯಾರೂ ಕೇಳಬೇಕಾಗಿಲ್ಲ. ದಾಳಿ ಶುರುವಾದಲ್ಲಿಂದ ಆಫ್‌ಸೈಡ್ ಇತ್ತೇ, ದಾಳಿಯವರೇ ಫೌಲ್ ಮಾಡಿದ್ದರೇ, ಚೆಂಡು ಹೊರಗೆ ಹೋಗಿತ್ತೇ, ಕೊನೆಗೆ ಆ ಫೌಲ್ ಹೇಗಿತ್ತು ಎಂದು ನೋಡುತ್ತಾರೆ. ಸ್ಪಷ್ಟ, ಕಣ್ಣಿಗೆ ಹೊಡೆಯುವ ತಪ್ಪಿದ್ದರೆ ಮಾತ್ರ ರೆಫರಿಗೆ ಹೇಳುತ್ತಾರೆ. ಆಟ ಮತ್ತೆ ಶುರುವಾಯಿತೋ, ಹಿಂದಿರುಗುವ ದಾರಿ ಬಹುಮಟ್ಟಿಗೆ ಮುಚ್ಚಿತು. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗೋಲು ಕಳೆದುಹೋದದ್ದು ಹೀಗೆ. ಮೈದಾನದಲ್ಲಿ ಆಫ್‌ಸೈಡ್ ಕೊಟ್ಟಿದ್ದರು, ಕೋಣೆಯಲ್ಲಿದ್ದವರು ಗೋಲು ಕೊಟ್ಟಿದ್ದಾರೆಂದು ತಿಳಿದು ‘ಪರಿಶೀಲನೆ ಮುಗಿಯಿತು’ ಎಂದುಬಿಟ್ಟರು. ತಪ್ಪು ಅರಿವಾಗುವ ಹೊತ್ತಿಗೆ ಫ್ರೀ ಕಿಕ್ ಹೊಡೆದಾಗಿತ್ತು. ಚಿತ್ರ ಸರಿಯಿತ್ತು, ಗೆರೆ ಸರಿಯಿತ್ತು, ಮಾತು ತಪ್ಪಿತು.

ಮೋಸದ ಬೀಳಾಟಕ್ಕೆ ವಿಎಆರ್ ಮದ್ದೇ? ಬಾಕ್ಸ್ ಒಳಗೆ ಹೌದು. 2018ರ ಜೂನ್ 22ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೋಸ್ಟರಿಕಾ ವಿರುದ್ಧ ನೇಮಾರ್ ಹಿಂದಕ್ಕೆ ಬಾಗಿ ಬಿದ್ದಾಗ ಕೊಟ್ಟ ಪೆನಾಲ್ಟಿಯನ್ನು ರೆಫರಿ ಕೈಪರ್ಸ್ ಪರದೆ ನೋಡಿ ವಾಪಸ್ ಪಡೆದರು. ಬಿದ್ದವನನ್ನು ಅಳೆಯಲು ಕೆಲವು ಗುರುತುಗಳಿವೆ: ತಾಗಿದ್ದಕ್ಕೂ ಬಿದ್ದದ್ದಕ್ಕೂ ನಡುವೆ ಎಷ್ಟು ಅಂತರ, ತಾಗಿದ್ದು ಯಾವ ಕಾಲಿಗೆ ಮತ್ತು ಮೊದಲು ಮಡಚಿದ್ದು ಯಾವುದು, ದಾರಿ ಬಿಟ್ಟು ತಾನೇ ಕಾಲು ಚಾಚಿ ಎದುರಾಳಿಗೆ ತಗುಲಿಸಿದನೇ. ಬಾಕ್ಸ್ ಹೊರಗೆ ಮಾತ್ರ ಈ ಕಣ್ಣಿಗೆ ಪಟ್ಟಿ ಕಟ್ಟಿದೆ. ಅದೇ ವಿಶ್ವಕಪ್‌ನ ಫೈನಲ್‌ನಲ್ಲಿ, ಜುಲೈ 15ರಂದು, ಕ್ರೊಯೇಷಿಯಾದ ಬ್ರೋಜೊವಿಚ್ ಹತ್ತಿರ ಫ್ರಾನ್ಸ್‌ನ ಗ್ರೀಜ್‌ಮನ್ ಬಿದ್ದರು. ಅದು ಫೌಲೇ ಅಲ್ಲವೆಂದು ರಿಪ್ಲೇ ನೋಡಿದ ಬಹಳ ಜನ ಹೇಳಿದರು, ನನಗೂ ಹಾಗೇ ಅನ್ನಿಸಿದೆ. ಆ ಫ್ರೀ ಕಿಕ್‌ನಿಂದಲೇ 18ನೇ ನಿಮಿಷದಲ್ಲಿ ಮಾಂಜುಕಿಚ್ ತಲೆಗೆ ತಗುಲಿ ಕ್ರೊಯೇಷಿಯಾ ತನ್ನದೇ ಗೋಲಿಗೆ ಚೆಂಡು ಹೊಡೆದುಕೊಂಡಿತು. ಫ್ರೀ ಕಿಕ್ ಕೊಟ್ಟದ್ದು ಸರಿಯೇ ಎಂದು ವಿಎಆರ್ ಪ್ರಶ್ನಿಸುವಂತಿರಲಿಲ್ಲ. ಆಮೇಲೆ ಪೆರಿಸಿಚ್ ಕೈಗೆ ಚೆಂಡು ತಗುಲಿದಾಗ ರೆಫರಿ ಪಿಟಾನಾ ಪರದೆಗೆ ಓಡಿದರು, ಬಂದು ಪೆನಾಲ್ಟಿ ಕೊಟ್ಟರು, 38ರಲ್ಲಿ ಗ್ರೀಜ್‌ಮನ್ ಗೋಲು. ಒಂದೇ ಆಟದಲ್ಲಿ ಒಂದನ್ನು ಭೂತಗನ್ನಡಿಯಲ್ಲಿ ನೋಡಿದರು, ಇನ್ನೊಂದನ್ನು ನೋಡಲೇ ಇಲ್ಲ.

ಕಂಠೀರವದಲ್ಲಿ ಫತೋರ್ಡಾಕ್ಕೆ ಹದಿನೈದು ದಿನ ಮೊದಲು ನಡೆದದ್ದೂ ವಿಎಆರ್ ವ್ಯಾಪ್ತಿಯ ಆಚೆಯದೇ. ಮಾರ್ಚ್ 3, ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್, ಹೆಚ್ಚುವರಿ ಸಮಯದ 96ನೇ ನಿಮಿಷ. ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀ ಕಿಕ್ ಅನ್ನು ಗೋಲಿಗೆ ತೂರಿದರು. ಕೋಚ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದರು. ಆಮೇಲೆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಕೇರಳದವರು ಮೋಸ ಎಂದರು. ಇಲ್ಲ, ಬೇಗನೆ ಹೊಡೆಯುವುದು ದಾಳಿಯವರ ಹಕ್ಕು. ಆದರೆ ರೆಫರಿ ಎದುರಾಳಿಗಳನ್ನು 9.15 ಮೀಟರ್ ಹಿಂದಕ್ಕೆ ಕಳಿಸಲು ಮುಂದಾದರೆ ವಿಷಲ್ ಆಗುವವರೆಗೆ ಕಾಯಲೇಬೇಕು. ಗೋಡೆಯೂ ಬೇಡ, ವಿಷಲ್ಲೂ ಬೇಡ ಎಂದು ತಾವು ರೆಫರಿಗೆ ಹೇಳಿದ್ದಾಗಿ ಛೆಟ್ರಿ ಆಟದ ನಂತರ ತಿಳಿಸಿದರು. ತಕರಾರು ಇದ್ದದ್ದೆಲ್ಲ ಆ ಮಾತುಕತೆಯಲ್ಲಿ. ಅದನ್ನು ಯಾವ ಕ್ಯಾಮೆರಾ ತೋರಿಸೀತು?

ವಿಎಆರ್‌ಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಅಗ್ಗದ ಉತ್ತರಗಳೂ ಇವೆ. ಅದರ ಹಗುರ ರೂಪವಾದ ವಿಎಆರ್ ಲೈಟ್‌ಗೆ ನಾಲ್ಕರಿಂದ ಎಂಟು ಕ್ಯಾಮೆರಾ ಸಾಕು. ಫಿಫಾ 2024ರಲ್ಲಿ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಪ್ರಯೋಗಿಸಿದ ಫುಟ್‌ಬಾಲ್ ವಿಡಿಯೋ ಸಪೋರ್ಟ್‌ನಲ್ಲಿ ಕೋಣೆಯೂ ಇಲ್ಲ, ವಿಎಆರ್ ರೆಫರಿಯೂ ಇಲ್ಲ. ಕೋಚ್ ಬೆರಳು ತಿರುಗಿಸಿ ನಾಲ್ಕನೇ ರೆಫರಿಗೆ ಕಾರ್ಡ್ ಕೊಟ್ಟರೆ ಮೈದಾನದ ರೆಫರಿಯೇ ಪರದೆ ನೋಡುತ್ತಾರೆ. ಒಂದು ಆಟದಲ್ಲಿ ಪ್ರತಿ ತಂಡಕ್ಕೆ ಎರಡು ಮನವಿ, ಗೆದ್ದರೆ ಮನವಿ ಉಳಿಯುತ್ತದೆ. ಫತೋರ್ಡಾದಲ್ಲಿ ಇಷ್ಟಿದ್ದರೂ ಬಿಎಫ್‌ಸಿ ಕೋಚ್ ಗ್ರೇಸನ್ 85ನೇ ನಿಮಿಷದಲ್ಲಿ ಬೆರಳು ತಿರುಗಿಸುತ್ತಿದ್ದರು. ಆದರೆ ಪರದೆಯಲ್ಲಿ ಓರೆ ಚಿತ್ರವೇ ಬಂದಿದ್ದರೆ ರೆಫರಿ ನೋಡಿಯೂ ಏನೂ ಹೇಳಲಾಗುತ್ತಿರಲಿಲ್ಲ. ಐಎಸ್‌ಎಲ್ ಯಾವ ಪದ್ಧತಿಯನ್ನೇ ಆರಿಸಿಕೊಳ್ಳಲಿ, ಮೊದಲ ದುಡ್ಡು ಹೋಗಬೇಕಾದ್ದು ಎರಡೂ ತುದಿಯ ಬಾಕ್ಸ್ ಗೆರೆಗೆ ನೇರವಾಗಿ ನಿಲ್ಲುವ ಆ ಕ್ಯಾಮೆರಾಗಳಿಗೆ.